ಹಗುರದ ತೋಟಾ

ಮಣ್ಣು ಮಾಡಿ ಬಂದ ಮರುದಿನ ಕಸದ ಲಾರಿ ಎಂದಿನಂತೆ ಬಂತು. ಮಾರ್ಸ್ಡನ್ ಪಾರ್ಕ್ ಬಡಾವಣೆಯ ಆ ಬೀದಿಯಲ್ಲಿ ಎಲ್ಲರ ಮನೆಯ ಡಬ್ಬಿಗಳೂ ರಸ್ತೆಯಂಚಿಗೆ ಬಂದು ನಿಂತಿದ್ದವು, ಸಂಯುಕ್ತಾಳ ಮನೆಯದೊಂದು ಬಿಟ್ಟು. ಅದು ಗಂಡ ಸಂಪತ್‌ನ ಕೆಲಸವಾಗಿತ್ತು. ಅವಳು ಬರಿಗಾಲಲ್ಲಿ ಓಡಿ ಡಬ್ಬಿ ಎಳೆದುಕೊಂಡು ಹೋಗುವಷ್ಟರಲ್ಲಿ ಲಾರಿ ತಿರುವು ದಾಟಿತ್ತು. ಎಳೆದದ್ದನ್ನು ಹಾಗೇ ವಾಪಸು ಎಳೆದುಕೊಂಡು ಬಂದಳು. ಕಾಫಿಗೆ ನೀರಿಟ್ಟಳು, ಆರಿಸಿದಳು, ಮತ್ತೆ ಇಟ್ಟಳು.

ಅತ್ತೆ ನೀಲಾಂಬಿಕಾ ಊಟದ ಮೇಜಿನ ಹತ್ತಿರ ಕೂತು ಇದನ್ನೆಲ್ಲ ನೋಡುತ್ತಿದ್ದರು. ಮಗನನ್ನು ಕೊನೆಯ ಸಲ ನೋಡಲು ತಿಪಟೂರಿನಿಂದ ಹಾರಿಬಂದವರು.

"ಮೈ ತೊಳೆದು ವಿಭೂತಿ ಹಚ್ಚೋವಾಗ ನೋಡ್ದೆ. ಬಲಭುಜ ನೇರಳೆಹಣ್ಣಿನ ಹಾಗೆ ಕಪ್ಪಾಗಿತ್ತು. ಏನಾಗಿತ್ತು ಅವನಿಗೆ?"

"ಜಿಮ್‌ನಲ್ಲಿ ಆಗಿರಬೇಕು ಅತ್ತೆ."

"ಮಹಡಿ ಹತ್ತೋಕೇ ಗೊಣಗೋನು ಜಿಮ್‌ಗೆ ಹೋಗ್ತಿದ್ನಾ?"

ಸಂಯುಕ್ತಾ ಲೋಟ ತೊಳೆದಳು. ಅದಾಗಲೇ ತೊಳೆದಿದ್ದ ಲೋಟ.

ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಮಿದುಳಿನ ರಕ್ತನಾಳ ಒಡೆದು ಅವನು ಕುಸಿದಿದ್ದ. ಭುಜದ ಗಾಯಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಬಿಡಿಸಿ ಹೇಳಿದ್ದರು. ಆದರೆ ತಾಯಿಗೆ ಬೇಕಾಗಿದ್ದುದು ಡಾಕ್ಟರ ಮಾತಲ್ಲ. ಅಂದು ಮಧ್ಯಾಹ್ನ ಊರಿನಲ್ಲಿದ್ದ ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದುದು ಗೋಡೆಯಾಚೆಗೂ ಕೇಳಿತು. "ಯಾರೋ ಹೊಡೆದಿದ್ದಾರೆ ಕಣೆ ಹೇಮಾ. ಇವಳಿಗೆ ಗೊತ್ತು. ಬಾಯಿ ಬಿಡ್ತಿಲ್ಲ."

ಮುಂದಿನ ವಾರ ಅತ್ತೆ ಹೊರಡುವವರಿದ್ದರು. ಈ ಅನುಮಾನವನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದರೆ, ಆ ಗಂಟನ್ನು ಆಮೇಲೆ ಯಾರೂ ಬಿಚ್ಚುವಂತಿರಲಿಲ್ಲ.

ಸಂಯುಕ್ತಾಳಿಗೆ ಗೊತ್ತಿತ್ತು, ನಿಜ. ಹೊಡೆದದ್ದು ಕೋವಿ. ಮೆಲ್ಬರ್ನ್‌ನಲ್ಲಿ ಓದುವಾಗ ಸಂಪತ್ ಬಾಡಿಗೆಗಿದ್ದ ಮನೆಯ ಮಾಲೀಕ ರಾಜಣ್ಣ ಪ್ರತಿವರ್ಷ ಗೆಳೆಯರನ್ನು ಕಟ್ಟಿಕೊಂಡು ದಕ್ಷಿಣದ ದ್ವೀಪವೊಂದಕ್ಕೆ ಕಾಡು ಟರ್ಕಿ ಕೋಳಿಯ ಬೇಟೆಗೆ ಹೋಗುತ್ತಿದ್ದರು. ಸಂಪತ್ ಕಾರು ಓಡಿಸಲು, ಫೋಟೊ ತೆಗೆಯಲು ಮಾತ್ರ. ಈ ವರ್ಷ ತಾನೂ ಕಲಿಯುತ್ತೇನೆಂದು ಹಟ ಹಿಡಿದು ಲೈಸೆನ್ಸ್ ಮಾಡಿಸಿದ. ಸಾಯುವ ಕೆಲವೇ ದಿನ ಮೊದಲು ಮೆಲ್ಬರ್ನ್‌ಗೆ ಹೋಗಿ ಬಂದಿದ್ದ. "ಅಮ್ಮಂಗೆ ಮಾತ್ರ ಹೇಳ್ಬೇಡ. ಮೊಟ್ಟೆ ಹಾಕಿದ ಕೇಕ್ ಮುಟ್ಟಿದ್ರೇ ಕೈ ತೊಳ್ಕೊಳ್ಳೋರು" ಎಂದು ಅವಳಿಂದ ಭಾಷೆ ತೆಗೆದುಕೊಂಡಿದ್ದ. ಸತ್ತವನಿಗೆ ಕೊಟ್ಟ ಮಾತು. ಮುರಿಯೋಣವೆಂದರೆ ಅವನಿಲ್ಲ. ಉಳಿಸಿಕೊಳ್ಳೋಣವೆಂದರೆ ಅತ್ತೆ ಎದುರಿಗಿದ್ದಾರೆ.

ಕೂತಲ್ಲಿ ಕೂರಲಾಗದೆ ಅವಳು ಕಾರು ಗುಡಿಸಲು ಹೋದಳು. ಡಿಕ್ಕಿಯಲ್ಲಿ ಅಂಗೈಯಗಲದ ಒಂದು ದಪ್ಪ ಮೆತ್ತೆ ಸಿಕ್ಕಿತು. ಭುಜಕ್ಕೆ ಕಟ್ಟಿಕೊಳ್ಳಲು ಪಟ್ಟಿಗಳಿದ್ದವು. ಬೆನ್ನ ಹಿಂದೆ ಬಂದು ನಿಂತಿದ್ದ ಅತ್ತೆ ಕೇಳಿದರು, "ಯಾರದದು?"

"ಮೆಲ್ಬರ್ನ್‌ನಲ್ಲಿರೋ ರಾಜಣ್ಣ ಅಂಕಲ್‌ದು. ಇವರು ತಂದಿದ್ರು. ಪೋಸ್ಟ್ ಮಾಡ್ತೀನಿ."

"ಪೋಸ್ಟಾ? ಹೋದೋರು ಇಸ್ಕೊಂಡಿದ್ದನ್ನ ಕೈಯಾರೆ ಕೊಟ್ಟು ಬರಬೇಕು. ಟಿಕೆಟ್ ಮಾಡು. ನಾನೂ ಬರ್ತೀನಿ."

ವಿಮಾನದಲ್ಲಿ ಆ ಮೆತ್ತೆಯನ್ನು ಅತ್ತೆಯೇ ತೊಡೆಯ ಮೇಲಿಟ್ಟುಕೊಂಡಿದ್ದರು. ಸೊಂಟನೋವಿನ ಪಟ್ಟಿ ಎಂದು ತಿಳಿದಿದ್ದರೋ ಏನೋ. ಭಾನುವಾರಗಳಲ್ಲಿ ರಾಜಣ್ಣ ಮನೆಯಲ್ಲಿ ಸಿಗುವವರಲ್ಲ, ಊರಾಚೆಯ ಶೂಟಿಂಗ್ ಕ್ಲಬ್ಬಿನಲ್ಲಿ ಸಿಗುವವರು. ಬಾಡಿಗೆ ಕಾರು ಕ್ಲಬ್ಬಿನ ಅಂಗಳದಲ್ಲಿ ನಿಂತಾಗ ಢಂ ಎಂದು ಸದ್ದಾಯಿತು. ನೀಲಾಂಬಿಕಾ ಎದೆ ಮುಟ್ಟಿಕೊಂಡರು. ಸಂಯುಕ್ತಾ ಎಂಜಿನ್ ಆರಿಸಿದಳು. ಇನ್ನು ತಡೆಯಲಾಗಲಿಲ್ಲ.

"ಅತ್ತೆ, ಆ ಗಾಯ ಇದರದ್ದು. ಕೋವಿದು. ನಿಮಗೆ ಹೇಳಬಾರದು ಅಂತ ಭಾಷೆ ತಗೊಂಡಿದ್ರು."

"ಮೊನ್ನೆ ಜಿಮ್ ಅಂದೆ. ಇವತ್ತು ಕೋವಿ ಅಂತೀಯ. ನಾಳೆ ಏನಂತೀಯ?"

ರಾಜಣ್ಣ ಎದುರು ಬಂದರು. ಮಂಡ್ಯದ ಕಡೆಯ ದೊಡ್ಡ ಆಳು. ನೀಲಾಂಬಿಕಾರನ್ನು ಕಂಡದ್ದೇ ಟೋಪಿ ತೆಗೆದು ಕೈಮುಗಿದರು. ನೀಲಾಂಬಿಕಾ ಕೇಳಿದ್ದು ಒಂದೇ ಪ್ರಶ್ನೆ. "ನನ್ನ ಮಗನ ಭುಜಕ್ಕೆ ಏನಾಗಿತ್ತು?"

ರಾಜಣ್ಣ ಸಂಯುಕ್ತಾಳ ಮುಖ ನೋಡಿದರು. ಹೇಳಿ ಎಂಬಂತೆ ಅವಳು ತಲೆಯಾಡಿಸಿದಳು.

"ಏನ್ ಹೇಳ್ಲವ್ವ. ಇದು ನೋಡಿ, ಹೊಸಬರ ತೋಟಾ. ಸೀಸದ ಚರೆ ಕಮ್ಮಿ, ಮದ್ದು ಕಮ್ಮಿ. ಮುಂದಕ್ಕೆ ಹೋಗೋ ಭಾರ ಎಷ್ಟೋ, ಹಿಂದಕ್ಕೆ ಒದೆಯೋದೂ ಅಷ್ಟು. ಕಲಿಯೋವರ್ಗೂ ಇದೇ ಸಾಕು ಕಣ್ಲಾ ಅಂದೆ. ಕೇಳ್ಬೇಕಲ್ಲ? ದೊಡ್ಡ ಕೋಳಿಗೆ ದೊಡ್ಡದೇ ಬೇಕು ಅಂತ ಬೇಟೆಗಿರೋ ಉದ್ದನೇ ತೋಟಾ ತಂದಿದ್ದ. ಫ್ರೆಂಡ್ ಜಮೀನಲ್ಲಿ ನಾನು ಟೀ ತರೋಕೆ ಹೋದೆ, ಬರೋಷ್ಟ್ರಲ್ಲಿ ಐದಾರು ಹೊಡೆದು ಭುಜ ಹಿಡ್ಕೊಂಡು ಕುಂತಿದ್ದ. ಆಮೇಲೆ ಈ ಪ್ಯಾಡ್ ಕೊಟ್ಟು ಕಳಿಸ್ದೆ."

"ಕೋವಿ ಮುಂದಕ್ಕಲ್ವಾ ಹೊಡೆಯೋದು?" ಎಂದರು ನೀಲಾಂಬಿಕಾ. ಧ್ವನಿಯಲ್ಲಿ ನಂಬಿಕೆಯಿರಲಿಲ್ಲ.

ಸಂಯುಕ್ತಾ ಕೈಚಾಚಿದಳು. "ಅಂಕಲ್, ಅವರು ಹಾಕಿದ್ದನ್ನೇ ನನಗೂ ಹಾಕಿಕೊಡಿ. ಭುಜ ಕಪ್ಪಾಗಲಿ. ಅತ್ತೆ ನೋಡಲಿ."

"ತಲೆ ಕೆಟ್ಟೈತಾ ನಿಂಗೆ? ಅದನ್ನ ಇಲ್ಲಿ ಹೊಡೆಯಂಗೇ ಇಲ್ಲ. ಇದ್ರೂ ಕೊಡಾಕಿಲ್ಲ. ಹೊಡೆಯೋದಾದ್ರೆ ಹಗುರದ್ದು. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಹಗುರದ್ದರಿಂದ ಏನು ರುಜುವಾತಾದೀತು? ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಷ್ಟು ದಿನಗಳಲ್ಲಿ ಬಂದದ್ದು ಅದೊಂದೇ.

ಕ್ಲಬ್ಬಿನವರ ಒಪ್ಪಿಗೆ ಪಡೆದು, ಇಬ್ಬರ ಕಿವಿಗೂ ಮುಚ್ಚಿಗೆ, ಕಣ್ಣಿಗೆ ಕನ್ನಡಕ ಹಾಕಿಸಿ, ರಾಜಣ್ಣ ಅವಳನ್ನು ಸಾಲಿನ ಕೊನೆಗೆ ನಿಲ್ಲಿಸಿದರು. ಪ್ಯಾಡ್ ಬೇಡವೆಂದಳು. ಒಂದೇ ಒಂದು ತೋಟಾ ಹಾಕಿ, ಕೋವಿಯ ಹಿಡಿಯನ್ನು ಭುಜದ ಗುಳಿಗೆ ಒತ್ತಿಸಿದರು. "ಹೊಸಬರು ಹಿಂದಕ್ಕೆ ವಾಲ್ತಾರೆ. ಬೆನ್ನಿಗೆ ಒಂದು ಕೈ ಕೊಟ್ಟಿರಬೇಕು" ಎನ್ನುತ್ತ ಅಂಗೈ ಚಾಚುತ್ತಿದ್ದಂತೆ ನೀಲಾಂಬಿಕಾ ಮುಂದೆ ಬಂದರು.

"ತೆಗೀರಿ. ನಾನು ಕೊಡ್ತೀನಿ."

ಸೊಸೆಯ ಬಲಭುಜದ ಹಿಂಬದಿಗೆ ಅವರ ಅಂಗೈ ಕೂತಿತು. ಬಂದಾಗಿನಿಂದ ಅವರು ಅವಳನ್ನು ಮುಟ್ಟಿದ್ದು ಅದೇ ಮೊದಲು. ಸಂಯುಕ್ತಾ ಯಾವ ಗುರಿಯನ್ನೂ ನೋಡಲಿಲ್ಲ. ಮಣ್ಣದಿಬ್ಬದ ಕಡೆಗೆ ಹಿಡಿದು ಕೋವಿಯ ಕುದುರೆ ಎಳೆದಳು.

ಒದೆತ ಅವಳ ಭುಜವನ್ನು ಹಾದು ಅತ್ತೆಯ ಅಂಗೈಗೆ, ಅಲ್ಲಿಂದ ಮೊಣಕೈಗೆ ಹೋಯಿತು. ನೀಲಾಂಬಿಕಾ ಒಂದು ಹೆಜ್ಜೆ ಹಿಂದೆ ಸರಿದರು. ರಾಜಣ್ಣ ಕೋವಿ ತೆಗೆದುಕೊಂಡು ನಡುವೆ ಮಡಚಿ ತೆರೆದು ಖಾಲಿ ಮಾಡುವವರೆಗೂ ಅವರು ತಮ್ಮ ಅಂಗೈಯನ್ನೇ ನೋಡುತ್ತಿದ್ದರು.

"ಇದು ಹಗುರದ್ದಾ?"

"ಇದಕ್ಕಿಂತ ಹಗುರ ನನ್ನತ್ರ ಇಲ್ಲ ಕಣವ್ವ. ಅವನು ಹೊಡೆದಿದ್ದು ಇದರ ಎರಡರಷ್ಟಕ್ಕೂ ಜಾಸ್ತಿ."

"ಐದಾರು ಸಲ?"

"ಹೂಂ."

ಅವರು ಸಂಯುಕ್ತಾಳ ಕಡೆ ತಿರುಗಿದರು. "ಮನೆಗೆ ಬಂದು ಏನಂದ?"

"ಅಂಗಿ ಬಿಚ್ಚಿ ತೋರಿಸಿದ್ರು. ಟರ್ಕಿ ಕೋಳಿನೇ ಗೆದ್ದಿದೆ ನೋಡು ಅಂದ್ರು. ನಾನು ನಕ್ಕೆ ಅತ್ತೆ. ತುಂಬಾ ನಕ್ಕುಬಿಟ್ಟೆ."

"ಅವನು?"

"ನಕ್ಕರೆ ನೋಯುತ್ತೆ ಅಂತ ಬೈಕೊಂಡೇ ನಕ್ರು."

ಪಕ್ಕದ ಸಾಲಿನಲ್ಲಿ ಯಾರೋ ಗುರಿಗೆಂದು ಹಾರಿಸಿದ ಮಣ್ಣಿನ ಬಿಲ್ಲೆಯೊಂದನ್ನು ಢಂ ಎಂದು ಒಡೆದರು. ಈ ಸಲ ನೀಲಾಂಬಿಕಾ ಬೆಚ್ಚಲಿಲ್ಲ.

"ಕೋಳಿ ಹೊಡೆಯೋಕೆ ಹೊರಟಿದ್ನಂತೆ, ಮುಂಡೇದು" ಎಂದರು. ಮಗನನ್ನು ಬೈಯಲು ಅವರಿಗೆ ಈಗಷ್ಟೇ ಬಾಯಿ ಬಂದಿತ್ತು. ಬೈದು, ಬಗಲಲ್ಲಿದ್ದ ಮೆತ್ತೆಯನ್ನು ಸೊಸೆಯ ಕೈಗಿಟ್ಟರು.

ಸಂಯುಕ್ತಾ ಅದನ್ನು ಎರಡೂ ಕೈಯಲ್ಲಿ ರಾಜಣ್ಣನಿಗೆ ಕೊಟ್ಟಳು. "ಹಾಕ್ಕೊಂಡೇ ಇಲ್ಲ ಅಂಕಲ್. ಹೊಸದಾಗೇ ಇದೆ."