ಹಾಸಿಗೆಗೆ ಚುಚ್ಚಿಟ್ಟ ಸೂಜಿ

"ಕೈ ತೆಗಿಯೇ ಲೌಡಿ, ಅದು ಡಾಕ್ಟ್ರ ನಲ್ಲಿ! ನಿನ್ನ ಹೇಲು ಕೈಗೆ ಹಿತ್ತಲ ನಲ್ಲಿ ಸಾಲದಾ?"

ಸಫಾಯಿ ಮೇಸ್ತ್ರಿಯ ಕೂಗಿಗೆ ಫಿನಾಯಿಲಕ್ಕನ ಕೈ ಸೋಪಿನ ಸಮೇತ ಹಿಂದೆ ಸರಿಯಿತು. ತೋರುಬೆರಳಿಂದ ಒಂದು ಹನಿ ರಕ್ತ ಬಿಳಿ ಬೇಸಿನ್ನಿಗೆ ಬಿತ್ತು. ಹದಿನಾರು ವರ್ಷ ವಾರ್ಡು ಒರೆಸಿದವಳ ನಿಜವಾದ ಹೆಸರು ಆಸ್ಪತ್ರೆಯಲ್ಲಿ ಯಾರಿಗೂ ಬೇಕಿರಲಿಲ್ಲ.

"ಸೂಜಿ ಚುಚ್ತು ಅಣ್ಣ. ಏಳನೇ ಮಂಚದ್ದು. ಚಿಕ್ಕ ಡಾಕ್ಟ್ರು ಮತ್ತೆ ಹಾಸಿಗೆಗೆ ಚುಚ್ಚಿಟ್ಟು ಹೋಗಿದಾರೆ."

ಚಿಕ್ಕ ಡಾಕ್ಟರಿಗೆ ಅದೊಂದು ಚಾಳಿ. ರಕ್ತ ಎಳೆದ ಮೇಲೆ ಹತ್ತಿ ಒತ್ತಲು ಎರಡೂ ಕೈ ಬೇಕು. ಸೂಜಿ ಹಾಕುವ ಡಬ್ಬಿ ವಾರ್ಡಿನ ಆ ತುದಿಯಲ್ಲಿ. ಒಂದು ಗಳಿಗೆ ಅಂತ ಹಾಸಿಗೆಯ ಅಂಚಿಗೆ ಚುಚ್ಚುವರು, ಮರೆತು ನಡೆಯುವರು. ಹೊದಿಕೆ ಬಾಚಿ ಎತ್ತುವುದು ಫಿನಾಯಿಲಕ್ಕ. ಅವಳ ಗ್ಲೌಸೋ, ತೊಳೆದು ಒಣಗಿಸಿ ತೊಳೆದು ಒಣಗಿಸಿ ಬೆರಳ ತುದಿಯಲ್ಲಿ ಬಾಯಿಬಿಟ್ಟದ್ದು. ಹೊಸ ಗ್ಲೌಸು ಇವತ್ತು ಬರಲಿದ್ದ ತಪಾಸಣೆಯವರ ದಾರಿ ಕಾಯುತ್ತಾ ಬೀರುವಿನಲ್ಲಿ ಬೆಚ್ಚಗಿದ್ದವು.

ಏಳನೇ ಮಂಚದವನ ಚೀಟಿಗೆ ಕೆಂಪು ಗುರುತು. ರಕ್ತದಿಂದ ಹತ್ತುವ ಕಾಯಿಲೆ. ಹೋದ ವರ್ಷ ಕಲಿಯಲು ಬಂದ ನರ್ಸೊಬ್ಬಳಿಗೆ ಹೀಗೇ ಚುಚ್ಚಿದಾಗ ಆಸ್ಪತ್ರೆಗೆ ಆಸ್ಪತ್ರೆಯೇ ಓಡಾಡಿತ್ತು. ಎರಡು ಗಂಟೆಯೊಳಗೆ ಮಾತ್ರೆ ನುಂಗಿದರೆ ಒಳ್ಳೆಯದೆಂದು ಆಗಲೇ ಫಿನಾಯಿಲಕ್ಕ ಕೇಳಿಸಿಕೊಂಡಿದ್ದಳು. ಈಗ ಗಡಿಯಾರದಲ್ಲಿ ಒಂಬತ್ತು.

ಹೋಗಿ ಮಾತ್ರೆ ಕೇಳಿದರೆ ಹೆಡ್ ಸಿಸ್ಟರು ತಲೆ ಎತ್ತಲಿಲ್ಲ.

"ಪುಸ್ತಕದಲ್ಲಿ ಬರೀದೆ ಮಾತ್ರೆ ಕೊಡೋ ಹಾಗಿಲ್ಲ."

"ಬರೀರಿ ಸಿಸ್ಟರ್."

"ಇವತ್ತಾ? ಆ ಬೋರ್ಡ್ ನೋಡು."

ಬಾಗಿಲ ಬಳಿಯ ಕರಿಹಲಗೆಯಲ್ಲಿ 'ಸೂಜಿ ಚುಚ್ಚದ ದಿನಗಳು: ೨೧೨' ಎಂದಿತ್ತು. ದಿನಾ ಅದನ್ನು ಒರೆಸುವವಳು ಅವಳೇ. ಮೇಸ್ತ್ರಿ ಒಂದು ಕೂಡಿಸಿ ಬರೆಯುತ್ತಿದ್ದ.

"ತಪಾಸಣೆ ಮುಗೀಲಿ, ನಾಳೆ ಬಾ."

ಹೊರಗೆ ಬಂದದ್ದೇ ಮೇಸ್ತ್ರಿ ಅವಳ ಕಿವಿಯ ಹತ್ತಿರ ಬಾಯಿ ತಂದ. "ಉಸಿರೆತ್ತಿದ್ರೆ ನೀನೂ ಮನೇಗೆ, ಮೇಲಿನ ವಾರ್ಡು ಗುಡಿಸೋ ನಿನ್ನ ಮಗಳೂ ಮನೇಗೆ. ಗೊತ್ತಾಯ್ತಾ ಮುಂಡೆ?"

ಬೇಡಿಕೊಂಡು ಮಗಳನ್ನು ಕೆಲಸಕ್ಕೆ ಹಚ್ಚಿದವಳು ಫಿನಾಯಿಲಕ್ಕನೇ. ಹಿತ್ತಲಿಗೆ ಹೋಗಿ ಬೆರಳಿಗೆ ಸೋಪು ಹಚ್ಚಿ ತೊಳೆದಳು. ನಲ್ಲಿ ನೂಲಿನಷ್ಟು ಸಣ್ಣಗೆ ಬರುತ್ತಿತ್ತು. ಮತ್ತೆ ಪೊರಕೆ ಹಿಡಿದಳು.

ಹತ್ತೂವರೆಗೆ ತಪಾಸಣೆಯವರು ಬಂದರು. ಬೀರು ತೆರೆಯಿತು. ಮೇಸ್ತ್ರಿ ಹೊಸ ಗ್ಲೌಸು ಕೊಟ್ಟು ಹಲ್ಲು ಕಿರಿದ: "ಬಾಮ್ಮ, ಕೈ ತೊಳೆಯೋದು ತೋರ್ಸು." ಬೆಳಿಗ್ಗೆ ಲೌಡಿಯಾಗಿದ್ದವಳು ಈಗ ಅಮ್ಮ.

ಅದೇ ಡಾಕ್ಟರ ನಲ್ಲಿ. ಗ್ಲೌಸು ಕಳಚಿದಳು. ಅಂಗೈಗೆ ಅಂಗೈ ಉಜ್ಜಿದಳು, ಮುಂಗೈ, ಬೆರಳ ಸಂದು, ಹೆಬ್ಬೆರಳು, ಉಗುರು, ಮಣಿಕಟ್ಟು. ಒಂದೂ ತಪ್ಪಲಿಲ್ಲ.

"ಭೇಷ್! ಮನೇಲಿ ಮಕ್ಕಳಿಗೂ ಕಲಿಸಿದೀರಾ?" ತಪಾಸಣೆಯಾಕೆ ನಕ್ಕಳು.

ಮಗಳು ಈ ಹೊತ್ತಿಗೆ ಮೇಲೆ ಹೊದಿಕೆ ಎತ್ತುತ್ತಿರುತ್ತಾಳೆ. ಅವಳಿಗೆ ಹರಿದ ಗ್ಲೌಸೂ ಇಲ್ಲ. ಉಳಿಸಿಕೊಳ್ಳಬೇಕಾದ ಕೆಲಸ ಅಂದರೆ ಇದೇನಾ?

ಕೈ ಒರೆಸಲು ಕೊಟ್ಟ ಬಟ್ಟೆ ಹಿಡಿದೇ ಫಿನಾಯಿಲಕ್ಕ ಬಾಗಿಲಿಗೆ ನಡೆದಳು. ಕರಿಹಲಗೆಯ ಅಂಕಿ ಒರೆಸಿದಳು. ಅವಳಿಗೆ ಅಕ್ಷರ ಬಾರದು, ಸೊನ್ನೆ ಬರುತ್ತಿತ್ತು. ಸೀಮೆಸುಣ್ಣ ಒತ್ತಿ, ದೊಡ್ಡದಾಗಿ ಒಂದು ಸೊನ್ನೆ ಸುತ್ತಿದಳು.

"ಈಗ ಪುಸ್ತಕ ತನ್ನಿ ಸಿಸ್ಟರ್," ಎಂದು ಬೆರಳು ಚಾಚಿದಳು. "ಏಳನೇ ಮಂಚ. ಒಂಬತ್ತು ಗಂಟೆ. ಬರೀರಿ."

ಹೆಡ್ ಸಿಸ್ಟರು ತಪಾಸಣೆಯಾಕೆಯ ಮುಖ ನೋಡಿದರು, ತಪಾಸಣೆಯಾಕೆ ತನ್ನ ಕಾಗದ ನೋಡಿದಳು. ಮೇಸ್ತ್ರಿ ಆಗಲೇ ಮೇಲಿನ ವಾರ್ಡಿನ ಮೆಟ್ಟಿಲು ಹತ್ತುತ್ತಿದ್ದ. ಹನ್ನೊಂದಾಗಲು ಹತ್ತು ನಿಮಿಷ ಇತ್ತು. ಫಿನಾಯಿಲಕ್ಕ ಚಾಚಿದ ಕೈ ಇಳಿಸಲಿಲ್ಲ.