ಪಟ್ಟಣದ ಲೆಕ್ಕಕ್ಕೆ ಹೋದವಳು

ಅಧಿಕಾರಿ ಕುರ್ಚಿ ತೋರಿಸಿದರೂ ಮ್ವಾಂಗಲಾ ಕೂರಲಿಲ್ಲ. ಜಾಂಬೆಜಿ ನದಿಯ ಬಯಲಿನ ಪುಟ್ಟ ಚಿಕಿತ್ಸಾಲಯಕ್ಕೆ ಅವಳೊಬ್ಬಳೇ ನರ್ಸು. ನೆರೆಯಲ್ಲಿ ಬಸುರಿಯರನ್ನು ಪಟ್ಟಣಕ್ಕೆ ಸಾಗಿಸಲು ಎಂಜಿನ್ ದೋಣಿ ಬೇಕೆಂದು ಜಿಲ್ಲಾ ಕಚೇರಿಗೆ ಅಲೆಯುತ್ತಿದ್ದಳು.

ಅಂಕಿಅಂಶ ನೋಡಿಕೊಳ್ಳುವ ಆ ಅಧಿಕಾರಿ ಸಿತಾಲಿ ಕಂಪ್ಯೂಟರನ್ನು ಅವಳತ್ತ ತಿರುಗಿಸಿದ. "ನೋಡಿ ಸಿಸ್ಟರ್, ನಿಮ್ಮ ವಾರ್ಡಲ್ಲಿ ಹೋದ ವರ್ಷ ಹೆರಿಗೇಲಿ ಸತ್ತೋರೇ ಇಲ್ಲ. ದೋಣಿ ಯಾಕೆ ಅಂತ ಮೇಲಿನೋರು ಕೇಳಲ್ವಾ?"

"ನನ್ನ ನಾದಿನಿ ನಲುಕುಯಿ ದೋಣೀಲಿ ನನ್ನ ತೊಡೆ ಮೇಲೇ ಸತ್ತಳಲ್ರೀ!"

"ಆಮೇಲೆ ಆಸ್ಪತ್ರೆಗೆ ಒಯ್ದ್ರಾ? ಹಾಗಾದ್ರೆ ಅಲ್ಲೇ ದಾಖಲಾಗಿ ಪಟ್ಟಣದ ಲೆಕ್ಕಕ್ಕೆ ಹೋದ್ಲು. ದಾರೀಲೇ ತೀರ್ಕೊಂಡು ಊರಿಗೆ ವಾಪಸಾದೋರು ಯಾವ ಲೆಕ್ಕದಲ್ಲೂ ಇಲ್ಲ." ಅವನ ದನಿ ತಗ್ಗಿತು. "ಮನೆಮನೆಗೆ ಹೋಗಿ ಕೇಳ್ಕೊಂಡು ಬನ್ನಿ. ಊರ ಹಿರಿಯರು ಸಹಿ ಹಾಕ್ಲಿ. ತಿದ್ದೋದು ನನಗಿರ್ಲಿ."

ಕೇಳುವುದು ಸುಲಭವಿರಲಿಲ್ಲ. ಮೊದಲ ಮನೆಯ ಹೆಂಗಸು ಬಾಗಿಲಲ್ಲೇ ತಡೆದಳು. "ಸತ್ತೋರ ಹೆಸರು ಕೂಗ್ತಾ ತಿರುಗ್ತೀಯಲ್ಲ, ಅವರ ಹಿಂದೆ ಇನ್ಯಾರನ್ನ ಕಳಿಸಬೇಕು ಅಂತಿದೀಯೆ?" ಮುಂದಿನ ಮನೆಗಳಲ್ಲೂ ಅದೇ ಮುಖ. ಮ್ವಾಂಗಲಾ ಬರಿಗೈಲಿ ಮರಳಿದಳು.

ಅತ್ತೆ ಇನೊಂಗೆ ಜೋಳದ ಮುದ್ದೆ, ಹುಳಿಹಾಲು ಮುಂದಿಟ್ಟಳು. ಮಗಳು ನಲುಕುಯಿಯನ್ನು ಮಣ್ಣು ಮಾಡಿದ ಮೇಲೆ ಅವಳ ಹೆಸರು ಮುದುಕಿಯ ಬಾಯಲ್ಲಿ ಬಂದಿರಲಿಲ್ಲ.

"ತಿನ್ನೇ. ಒಳಗೂ ಹೊರಗೂ ಓಡಾಡಿ ನನ್ನ ತಲೆ ಕೆಡಿಸ್ಬೇಡ."

"ಹೆಂಗೆ ತಿನ್ಲಿ ಅತ್ತೆ? ಪಕ್ಕದ್ಮನೆ ಲಿಸೆಲಿಗೆ ದಿನ ತುಂಬ್ತಾ ಬಂತು, ನೀರು ಏರ್ತಾನೇ ಇದೆ. ಕಚೇರಿಯೋರ ಪ್ರಕಾರ ನಿಮ್ಮ ಮಗಳು ಪಟ್ಟಣದೋಳಂತೆ!"

"ಪಟ್ಟಣದೋಳಾ?" ಮುದುಕಿಯ ಸೌಟು ನಿಂತಿತು. "ಪಟ್ಟಣದ ಮೀನು ನಾರುತ್ತೆ ಅಂತ ಮುಟ್ತಿರ್ಲಿಲ್ಲ ಅವಳು!"

ಮರುದಿನ ಯಾರೂ ಕರೆಯದೆಯೇ ಇನೊಂಗೆ ಮ್ವಾಂಗಲಾಳ ಹುಟ್ಟು ಹಾಕುವ ದೋಣಿಯ ಮೂತಿಯಲ್ಲಿ ಹೋಗಿ ಕೂತಳು. ತಡೆದಿದ್ದ ಹೆಂಗಸಿನ ಅಂಗಳದಲ್ಲಿ ನಿಂತು, "ನನ್ನ ಮಗಳು ನಲುಕುಯಿ. ನೀರು ಏರೋ ತಿಂಗಳಲ್ಲಿ ಹೋದ್ಲು," ಎಂದಳು. "ಈಗ ನಿನ್ನ ಸೊಸೆ ಹೆಸರು ಹೇಳವ್ವ."

ಆ ಹೆಂಗಸು ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು. ಆಮೇಲೆ ಹೇಳಿದಳು. ಸುದ್ದಿ ಹರಡಿ, ಮುಂದಿನ ಊರುಗಳಲ್ಲಿ ಜನ ತಾವೇ ದಡಕ್ಕೆ ಬಂದು ಕಾಯತೊಡಗಿದರು.

ಹಿರಿಯರ ಸಹಿ ಬಿದ್ದ ಪಟ್ಟಿ ಹಿಡಿದು ಸಿತಾಲಿ ಒಂದೊಂದು ಸಾವನ್ನೂ ಅವರವರ ಊರಿಗೇ ಸೇರಿಸಿದ. ಮುಗಿದಾಗ ಜಿಲ್ಲೆಯಲ್ಲಿ ಬಾಣಂತಿಯರು ಹೆಚ್ಚು ಸಾಯುವ ವಾರ್ಡು ಮ್ವಾಂಗಲಾಳದೇ ಎಂದು ತಿಳಿಯಿತು. ಚಿಕಿತ್ಸಾಲಯದ ಸ್ವಂತ ದೋಣಿಗೆ ಮುಂದಿನ ಬಜೆಟ್ಟಿನವರೆಗೆ ಕಾಯಬೇಕಿತ್ತು. ಅವನೇ ಓಡಾಡಿ ಮೀನುಗಾರಿಕೆ ಇಲಾಖೆಯವರ ಹಳೆಯ ಎಂಜಿನ್ ದೋಣಿಯೊಂದನ್ನು ನೆರೆ ಇಳಿಯುವವರೆಗೆ ಕೊಡಿಸಿದ.

ಅದು ಬಂದ ವಾರದಲ್ಲೇ ಲಿಸೆಲಿಗೆ ನೋವು ಶುರುವಾಯಿತು. ಪಟ್ಟಣದ ದಾರಿಯಲ್ಲಿ ಜೊಂಡಿನ ನಡುವೆ ಎಂಜಿನ್ ಕೆಮ್ಮಿ ನಿಂತಿತು. ಅತ್ತೆ ಸೊಸೆ ಹುಟ್ಟು ಹಾಕಿದರು, ಅಂಬಿಗ ಬೈಯುತ್ತ ಹಗ್ಗ ಎಳೆದ; ಎಂಜಿನ್ ಮತ್ತೆ ಗುಡುಗಿತು.

ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿ ಉಳಿದಳು. ಇನೊಂಗೆ ಬೆಂಚಿನ ಮೇಲೆ ಒರಗಿ ನಿದ್ದೆಹೋದಳು. ಮ್ವಾಂಗಲಾ ಮಾತ್ರ ಪೆಟ್ರೋಲ್ ಡಬ್ಬ ಹಿಡಿದು ದೋಣಿಯತ್ತ ಹೊರಟಿದ್ದಳು; ಬಯಲಿನಲ್ಲಿ ಇನ್ನೊಬ್ಬಳಿಗೆ ದಿನ ತುಂಬಿತ್ತು.