ಎರಡನೇ ಕಮಿಟಿ ಬಂದು ಹೋದದ್ದು

ಜೀಪಿನ ಧೂಳು ಇನ್ನೂ ಇಳಿದಿಲ್ಲ, ಹಂಚಿನ ಮೇಲಿನ ರೊಟ್ಟಿಗೂ ಬಿದ್ದಿರಬೇಕು, ಬೀಳಲಿ, ತಿನ್ನುವವರು ನಾವೇ ತಾನೇ, ಹೊರಗೆ ಅತ್ತೆ ಸಾಬವ್ವ ಕೈಮುಗಿದುಕೊಂಡೇ ನಿಂತಿದ್ದಾಳೆ, ಹೋದವರಿಗೆ — ಕೈ ರೊಟ್ಟಿ ಬಡಿಯುತ್ತಿದೆ, ನನ್ನ ಕೈಯೇ ಇರಬೇಕು, ಬಿಸಿ ಹತ್ತುತ್ತಿಲ್ಲ. ದಿಲ್ಲಿಯ ಪಾರ್ಲಿಮೆಂಟಿನ ಕಮಿಟಿಯಂತೆ, ಪುಣೆಯಲ್ಲಿ ಬಡವರ ಕೈಗೆಟುಕುವ ಮನೆ ಉಂಟೋ ಇಲ್ಲವೋ ನೋಡುವವರು, ಎಲ್ಲಿಯೂ ಸೂರಿಲ್ಲದವರ ಹೆಸರು ಮೇಲಕ್ಕೆ ಹೋದರೆ ಸರಕಾರದ ಒಂದು ಕೋಣೆಯ ಖೋಲಿ ಸಿಕ್ಕೀತು, ಊರಲ್ಲಿ ಮನೆಯಿದ್ದವರು ಊರಿಗೆ ಹೋಗಲಿ, ಅವರ ಜೋಪಡಿ ಮಳೆಗಾಲದೊಳಗೆ ಕೀಳುತ್ತಾರೆ, ಕ್ಯಾಂಪ್ ಪೇಟೆಯ ಅಂಗಡಿಯ ಗುಮಾಸ್ತ ಅಪ್ಪಾಸಾಹೇಬರು ಮೊದಲೇ ಹೇಳಿದ್ದರು, ಚಂದಮ್ಮ, ಈ ಸರ್ತಿ ಖರೇ ಹೇಳು, ನಾ ಅವರಿಗೆ ಹಿಂದಿಯೊಳಗ ತಿಳಿಸಿ ಹೇಳ್ತೀನಿ. ಖರೇ ಎಂದರೆ ಊರಿನ ಮನೆ ಬಿದ್ದುಹೋಗಿದೆ, ಬಾಗಿಲ ಚೌಕಟ್ಟೊಂದೇ ನಿಂತಿದೆ. ದಿಲ್ಲಿಯಲ್ಲಿ ಏಷ್ಯಾಡ್ ಆಟ ನಡೆದ ವರ್ಷ ಮೊದಲ ಕಮಿಟಿ ಬಂದಾಗಲೂ ಬಿದ್ದೇ ಇತ್ತು, ಆದರೆ ಅವತ್ತು ಚಾಪೆಯ ಮೇಲೆ ನಾದಿನಿ ಕುಸುಮಳನ್ನು ನೋಡಲು ಬಂದವರು ಕೂತಿದ್ದರು, ಹುಡುಗ ತಳೇಗಾಂವದ ಫ್ಯಾಕ್ಟರಿಯವನು, ಬಾಯಲ್ಲಿ ಚುರುಮುರಿ, ಕಮಿಟಿಯವರು ಅವರೆದುರಿಗೇ ಕೇಳಬೇಕೇ, ಊರಾಗ ಮನಿ ಅದ ಏನು, ಮನೆಮಠ ಇಲ್ಲದವರ ಹೆಣ್ಣನ್ನು ಯಾರು ತರುತ್ತಾರೆ, ಅತ್ತೆ ಸೆರಗು ಎಳೆದುಕೊಂಡು ಅಂದಳು, ಅದರೀ, ಮೂರಂಕಣದ ಮನಿ ಅದ, ದನದ ಕೊಟ್ಟಿಗಿ ಬ್ಯಾರೆ. ಕುಸುಮಳ ಲಗ್ನವಾಯಿತು, ಈಗ ಬಸುರಿ, ಯಾರನ್ನು ಬೈಯಲಿ.

ಇವತ್ತಿನ ಸಾಹೇಬರು ಕೆಟ್ಟವರಲ್ಲ, ಬಗ್ಗಿ ಒಳಗೆ ಬಂದರು, ಕೊಟ್ಟ ನೀರು ಕುಡಿದರು, ಜೇಬಿನಿಂದ ಪೆನ್ನು ತೆಗೆದರು, ನಾನು ಬಾಯಿ ತೆರೆದೆ, ಹಿಂದಿದ್ದವನೊಬ್ಬ ಕಿವಿಯಲ್ಲಿ ಏನೋ ಅಂದ, ಪೆನ್ನು ಕ್ಯಾಪಿನ ಸಮೇತ ಹಾಗೇ ನಿಂತಿತು. ಅಪ್ಪಾಸಾಹೇಬರು ನನ್ನ ಮುಖ ನೋಡದೆ ಅಂದರು, ಈ ಓಣಿಯೊಳಗ ಮೊದಲಿನ ಕಮಿಟಿ ಕೇಳಿ ಮುಗಿಸ್ಯದಂತ, ಒಂದ ಕೆಲಸ ಎರಡೆರಡು ಸಲ ಮಾಡಬಾರದಂತ ದಿಲ್ಲಿಯೊಳಗ ಎರಡೂ ಕಮಿಟಿಯವರು ಕೂತು ಮಾತಾಡ್ಯಾರಂತ, ಅವರು ಬರಕೊಂಡಿದ್ದನ್ನ ಇವರು ತಗೋತಾರಂತ. ನಾನಂದೆ, ಆ ಮನಿ ಬಿದ್ದದ ಅಂತ ಹೇಳ್ರಿ. ಹೇಳಿದೆ ತಂಗಿ. ಏನಂದ್ರು. ಎಲ್ಲಾರೂ ಹಂಗ ಅಂತಾರಂತ. ಸರಿಯೇ ಇದೆ ಮಾತು, ಸಾರಿಸಿದ ನೆಲವನ್ನು ನಾನೂ ಮತ್ತೆ ಸಾರಿಸುವುದಿಲ್ಲ, ಸಿಟ್ಟು ಬರಬೇಕಿತ್ತು, ಹುಡುಕುತ್ತಿದ್ದೇನೆ, ಅಳುವೂ ಇಲ್ಲ, ಮಳೆಗಾಲ ಬರುತ್ತದೆ, ತಗಡು ಕೀಳುತ್ತಾರೆ, ಯಾವ ಊರಿಗೆ, ಆ ಚೌಕಟ್ಟಿನಲ್ಲಿ ಮಲಗುವುದೇ, ಸಂಜೆ ಮನೆಯವರು ಕೆಲಸದಿಂದ ಬಂದು ಕೇಳಿದರೆ — ರೊಟ್ಟಿ ಸೀದಿತು, ಅತ್ತೆ ಒಳಗೆ ಬಂದಳು, ಏನಂದ್ರವ್ವಾ, ಮುಖದ ತುಂಬ ಆಸೆ. ನೀ ಹೇಳಿದ್ದನ್ನ ನಂಬ್ಯಾರ ಅತ್ತಿ. ಯಾವುದು. ಊರಾಗ ನಮಗ ಮನಿ ಅದ ಅಂತ. ಮುದುಕಿ ತಗಡಿನ ಗೋಡೆ ಹಿಡಿದು ಕೂತಳು, ಹಿಟ್ಟು ನಾದಬೇಕು, ನಾದುತ್ತೇನೆ, ಆ ಪೆನ್ನು ನೀಲಿಯದು, ಹೊಸದು, ಸಾಹೇಬರು ತಿರುಗಿ ಜೇಬಿಗೆ ಸಿಕ್ಕಿಸಿದರು, ನನ್ನ ಬಾಯಿ ತೆರೆದೇ ಇತ್ತು, ನೀಲಿ ಪೆನ್ನು, ಕ್ಯಾಪು ತೆಗೆಯಲಿಲ್ಲ, ತೆಗೆಯಲೇ ಇಲ್ಲ, ಕ್ಯಾಪು